ಹಾಜರಿ

ದೇವರ ಮೇಲೆ ನನಗೆ ಎಷ್ಟು ಭಕ್ತಿಯಿದೆಯೆಂದು ಹೇಳಲಾರೆ. ಹಾಜರಿ ಪುಸ್ತಕದ ಮೇಲಂತೂ ಇದೆ. 18 ವರ್ಷಗಳ ಅಧ್ಯಾಪಕ ವೃತ್ತಿಯಿಂದ ಬಂದ ಭಕ್ತಿ ಅದು. ಗಂಟೆ ಹೊಡೆದು ಐದು ನಿಮಿಷವಾಯಿತೋ, ಆಮೇಲೆ ಬಂದವರೆಲ್ಲ ಗೈರುಹಾಜರಿ.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ನನ್ನ ಹಳಗನ್ನಡದ ತರಗತಿ. ಹುಡುಗನೊಬ್ಬ ವಾರವಾರವೂ ಅರ್ಧ ಗಂಟೆ ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ಜುಮ್ಮಾ ನಮಾಜಿಗೆ ಹೋಗಿದ್ದೆ, ಸಾರ್."

"ದಿನಕ್ಕೆ ಐದು ಸಲ ಮಾಡುತ್ತೀರಲ್ಲಪ್ಪ, ಇದೊಂದನ್ನು ಸಂಜೆ ಮನೆಯಲ್ಲಿ ಮಾಡಿಕೊಂಡರಾಗದೆ?" ಎಂದೆ ಒಂದು ದಿನ. ತರಗತಿಗೆ ತರಗತಿಯೇ ನಕ್ಕಿತು. ಅವನು ತಲೆ ತಗ್ಗಿಸಿ ಹಿಂದಿನ ಬೆಂಚಿಗೆ ಹೋದ.

ಸಂಜೆ ಉರ್ದು ಅಧ್ಯಾಪಕರ ಮುಂದೆ ಇದನ್ನು ವಿನೋದವಾಗಿಯೇ ಹೇಳಿದೆ. ನನಗಿಂತ ಹಿರಿಯರು. ಅವರು ನಗಲಿಲ್ಲ.

"ಬೇರೆ ನಮಾಜು ತಪ್ಪಿದರೆ ಆಮೇಲೆ ಒಬ್ಬನೇ ಮಾಡಿ ತೀರಿಸಬಹುದು, ಮೇಷ್ಟ್ರೇ. ಜುಮ್ಮಾ ಹಾಗಲ್ಲ. ಅದು ಎಲ್ಲರೊಡನೆ, ಖುತ್ಬಾ ಕೇಳಿಯೇ ಆಗಬೇಕು. ತಪ್ಪಿದವನು ಅದರ ಬದಲು ಮಧ್ಯಾಹ್ನದ ಜುಹರ್ ನಮಾಜು ಮಾಡುತ್ತಾನೆ. ಆದರೆ ಜುಮ್ಮಾ ತಪ್ಪಿದ್ದು ತಪ್ಪಿದ್ದೇ."

"ಬಹಳ ಬಿಗಿಯಾದ ಕಟ್ಟಳೆ" ಎಂದೆ.

"ಬಿಗಿಯೇ ಹೌದು" ಎಂದವರು ಬೆರಳು ಮಡಿಸುತ್ತ ಹೇಳತೊಡಗಿದರು. ನಿಲ್ಲಲಾರದವನು ಕೂತು ಮಾಡಬಹುದು. ಕೂರಲಾರದವನು ಮಲಗಿದಲ್ಲೇ, ತಲೆಯ ಸನ್ನೆಯಿಂದ. ಕೈಕಾಲು ಮುಖ ತೊಳೆಯಲು ನೀರಿಲ್ಲವೆ, ಶುದ್ಧವಾದ ಮಣ್ಣು ಸಾಕು. ನಿಂತು, ಬಾಗಿ, ಹಣೆಯನ್ನು ನೆಲಕ್ಕೆ ಮುಟ್ಟಿಸುವ ಒಂದು ಸುತ್ತಿಗೆ ರಕಾತು ಎಂದು ಹೆಸರು. ದೂರ ಪ್ರಯಾಣದಲ್ಲಿರುವವನಿಗೆ ನಾಲ್ಕು ರಕಾತಿನ ನಮಾಜು ಎರಡಕ್ಕೆ ಇಳಿಯುತ್ತದೆ. ರೋಗಿಗೂ ಪ್ರಯಾಣಿಕನಿಗೂ ಜುಮ್ಮಾ ಕಡ್ಡಾಯವೇ ಅಲ್ಲ.

"ಕರ್ತವ್ಯ ಮನುಷ್ಯನನ್ನು ಬಿಡುವುದಿಲ್ಲ. ಆದರೆ ಅವನ ಕೈಲಾಗುವುದೆಷ್ಟೆಂದು ನೋಡುತ್ತದೆ" ಎಂದು ಎದ್ದು ಕೈ ತೊಳೆಯಲು ನಡೆದರು. ಸಂಜೆಯ ನಮಾಜಿನ ಹೊತ್ತಾಗಿತ್ತು.

ನಾನು ಹಾಜರಿ ಪುಸ್ತಕವನ್ನು ಬಿಡಿಸಿದೆ. ಅವನ ಹೆಸರಿನ ಮುಂದೆ ಶುಕ್ರವಾರಗಳೆಲ್ಲ ಸೊನ್ನೆ. ಎಂದಾದರೂ ಅವನ ಕೈಲಾಗುವುದೆಷ್ಟೆಂದು ಕೇಳಿದ್ದೆನೆ?

ವೇಳಾಪಟ್ಟಿ ಬದಲಿಸುವುದು ನನ್ನ ಕೈಯಲ್ಲಿರಲಿಲ್ಲ. ಮುಂದಿನ ಶುಕ್ರವಾರ ಹಾಜರಿಯನ್ನು ತರಗತಿಯ ಕೊನೆಗೆ ಕರೆದೆ. ತನ್ನ ಹೆಸರು ಬಂದಾಗ ಅವನು ಒಂದು ಕ್ಷಣ ತಡೆದು, "ಎಸ್ ಸಾರ್" ಎಂದ.

ಅಂದಿನ ಮಾತಿಗೆ ಅವನೊಬ್ಬನನ್ನೇ ಕರೆದು ಸಮಾಧಾನ ಹೇಳೋಣವೆಂದು ಮೊದಲು ಎಣಿಸಿದ್ದೆ. ಆದರೆ ಎಲ್ಲರ ಮುಂದೆ ಆಡಿದ್ದನ್ನು ಒಬ್ಬನೇ ಕೂತು ತೀರಿಸುವುದು ಹೇಗೆ? ಪುಸ್ತಕ ಮುಚ್ಚಿ, ತರಗತಿಯ ಮುಂದೆಯೇ, "ಹೋದ ವಾರ ನಾನು ಆಡಿದ್ದು ತಪ್ಪು ಮಾತಪ್ಪ" ಎಂದೆ.

ಈ ಸಲ ಯಾರೂ ನಗಲಿಲ್ಲ.