ಕಡ ತಂದ ಬಲ

ಸಾಲ ಮಾಡಿದವನಿಗೆ ಅದರ ನೆನಪಿರುತ್ತದೆ. ಆದರೆ ನಮ್ಮ ದೇಹ ಪಡೆಯುವ ಒಂದು ಬಗೆಯ ಸಾಲ ಮಾತ್ರ ನೆನಪನ್ನೇ ಉಳಿಸದೆ ಕರಗಿಹೋಗುತ್ತದೆ. ಒಂದು ಜೀವಿ ತಯಾರಿಸಿದ ಪ್ರತಿಕಾಯಗಳು ಇನ್ನೊಂದರ ಮೈ ಸೇರಿ ಅದನ್ನು ಕಾಪಾಡುವ ಈ ಏರ್ಪಾಟಿಗೆ ಶಾಸ್ತ್ರಜ್ಞರು ನಿಷ್ಕ್ರಿಯ ರೋಗನಿರೋಧವೆಂದು ಹೆಸರಿಟ್ಟಿದ್ದಾರೆ. ಚರಿತ್ರೆ ಓದುವವಳಿಗೆ ಈ ಉಸಾಬರಿ ಏಕೆಂದು ವಾಚಕರು ಹುಬ್ಬೇರಿಸಬಹುದು. ನಮ್ಮ ಹಟ್ಟಿಯಲ್ಲೂ ಗದ್ದೆಯಲ್ಲೂ ನಡೆದ ವಿಷಯವಾದ್ದರಿಂದ ಬರೆಯುತ್ತಿದ್ದೇನೆ.

ನಿಟ್ಟೆಯ ನಮ್ಮ ಮನೆಯಲ್ಲಿ ದನ ಕರು ಹಾಕಿತೆಂದರೆ ಗಿಣ್ಣಿನ ಆಸೆಗೆ ಮಕ್ಕಳೆಲ್ಲ ಹಟ್ಟಿಯ ಬಾಗಿಲಲ್ಲೇ. ಅಮ್ಮನದು ಒಂದೇ ಮಾತು: "ಮೊದಲು ಕರುವಿನ ಹೊಟ್ಟೆ ತುಂಬಲಿ, ಉಳಿದರೆ ನಿಮಗೆ." ಶಾಲೆಯ ಮೆಟ್ಟಿಲು ಹತ್ತದ ಅಮ್ಮನ ಈ ನಿಯಮ ಎಷ್ಟು ಸರಿ! ದನದ ಗರ್ಭದಲ್ಲಿ ತಾಯಿಯ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ, ಗಿಣ್ಣುಹಾಲಿನಲ್ಲೇ ಬರಬೇಕು. ಕರುವಿನ ಕರುಳು ಅವನ್ನು ರಕ್ತಕ್ಕೆ ಬಿಟ್ಟುಕೊಳ್ಳುವುದಾದರೂ ಹುಟ್ಟಿದ ಮೊದಲ 24 ಗಂಟೆಗಳ ಒಳಗೆ ಮಾತ್ರ. ಮನುಷ್ಯರ ಕೂಸಿಗೆ ಈ ಪಾಲು ಗರ್ಭದಲ್ಲಿಯೇ ಸಿಗುತ್ತದೆ, ಹುಟ್ಟಿದ ಕೆಲವು ತಿಂಗಳಲ್ಲಿ ಸವೆಯುತ್ತದೆ. ತಾಯಿಯ ಪ್ರತಿಕಾಯಗಳು ಇರುವಷ್ಟು ದಿನ ದಡಾರದ ಲಸಿಕೆಯನ್ನು ಕೆಲಸ ಮಾಡಗೊಡವು. ಆದ್ದರಿಂದಲೇ ನಮ್ಮಲ್ಲಿ ಅದನ್ನು 9 ತಿಂಗಳು ತುಂಬಿದ ಮೇಲೆ ಹಾಕುವುದು.

1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬಿಬ್ಬರು, ಧನುರ್ವಾಯುವನ್ನು ಎದುರಿಸಬಲ್ಲ ಪ್ರಾಣಿಯ ರಕ್ತದ್ರವ ಬೇರೆ ಪ್ರಾಣಿಯನ್ನೂ ಉಳಿಸುತ್ತದೆಂದು ತೋರಿಸಿದರು. ಹಾವಿನ ಮದ್ದೂ ಇದೇ ದಾರಿಯದು. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಶುದ್ಧಿಮಾಡಿ ಕೊಡುತ್ತಾರೆ. ನಮ್ಮ ದೇಶದ ಮದ್ದು ನಾಗರ, ಕಡಂಬಳ, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕಾಗಿ ಮಾಡಿದ್ದು; ಘಟ್ಟದ ಕಾಳಿಂಗಕ್ಕಾಗಿ ಅಲ್ಲ.

ಎರಡು ವರ್ಷದ ಹಿಂದೆ ಗದ್ದೆಯ ಹುಣಿಯಲ್ಲಿ ಅಪ್ಪನ ಕಾಲಿಗೆ ಕೊಳಕುಮಂಡಲ ಕಚ್ಚಿತು. ನೆರೆಯವರು ತಡಮಾಡದೆ ಆಸ್ಪತ್ರೆಗೆ ಸಾಗಿಸಿದರು. ಕುದುರೆಯ ಪ್ರತಿಕಾಯ ಅಪ್ಪನನ್ನು ಉಳಿಸಿತು. ಮನೆಗೆ ಬಂದ ಮೇಲೆ ಅಪ್ಪನ ಧೈರ್ಯವೇ ಧೈರ್ಯ: "ಅಷ್ಟು ಮದ್ದು ಮೈಗೆ ಹೋಗಿದೆಯಲ್ಲ, ಇನ್ನು ಯಾವ ಹಾವು ನನ್ನನ್ನು ಏನು ಮಾಡೀತು?" ರಾತ್ರಿ ಗದ್ದೆಗೆ ನೀರು ಬಿಡಲು ಬರಿಗಾಲಲ್ಲಿ, ದೀಪವಿಲ್ಲದೆ ಹೊರಡತೊಡಗಿದರು.

ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಅಪ್ಪನಿಗೆ ತಿಳಿಹೇಳುವ ಕೆಲಸ ನನ್ನ ಪಾಲಿಗೆ ಬಂತು. "ಅಪ್ಪಾ, ಅದು ಕುದುರೆಯ ಗಳಿಕೆ. ಅದನ್ನು ತಯಾರಿಸಲು ನಿಮ್ಮ ಮೈ ಕಲಿತಿಲ್ಲ. ಕೆಲವೇ ವಾರಗಳಲ್ಲಿ ಅದೆಲ್ಲ ಮುಗಿದುಹೋಗುತ್ತದೆ" ಎಂದೆ. ಅಪ್ಪ ಒಪ್ಪಲಿಲ್ಲ. "ಗಿಣ್ಣು ಕುಡಿದ ಕರುವಿಗೂ ಆಮೇಲೆ ಕಾಲುಬಾಯಿ ರೋಗದ ಚುಚ್ಚುಮದ್ದು ಹಾಕಿಸುತ್ತೀರಲ್ಲ, ಏಕೆ?" ಎಂದು ಕೇಳಿದೆ. ಅಪ್ಪ ಸುಮ್ಮನಾದರು. ಮರುದಿನ ಟಾರ್ಚಿಗೆ ಹೊಸ ಸೆಲ್ಲು ಬಂತು.

ಹಾಗೆಂದು ಕಡ ತಂದ ಬಲವನ್ನು ಹಗುರವಾಗಿ ಕಾಣಬಾರದು. ಹುಚ್ಚುನಾಯಿ ಕಚ್ಚಿದ ಆಳವಾದ ಗಾಯಕ್ಕೆ ವೈದ್ಯರು ಸಿದ್ಧ ಪ್ರತಿಕಾಯವನ್ನೂ ಕೊಡುತ್ತಾರೆ, ಲಸಿಕೆಯನ್ನೂ ಹಾಕುತ್ತಾರೆ. ಲಸಿಕೆಯಿಂದ ಮೈ ತನ್ನದೇ ಬಲ ಕೂಡಿಸಿಕೊಳ್ಳುವ ತನಕ ಮೊದಲಿನದು ಕಾವಲು ನಿಲ್ಲುತ್ತದೆ. ಅಮ್ಮ ಬೀಡಿ ಕಟ್ಟಿದ ಹಣದಲ್ಲಿ ಮೂರು ವರ್ಷ ಓದಿದ ನನಗೆ ಈ ಕಾವಲಿನ ಬೆಲೆ ಗೊತ್ತು. ಅದರ ಅವಧಿ ಮುಗಿಯುವ ಮೊದಲೇ ನನ್ನ ಸ್ವಂತದ್ದನ್ನು ಕೂಡಿಸಿಕೊಳ್ಳಬೇಕಾಗಿದೆ.