ತೊಲೆಯ ಬೆಲೆ, ಮನೆಯ ಬೆಲೆ

ನಮ್ಮ ಕಡೆ ಹಳೆ ಮನೆಯನ್ನು ಅಂಕಣದಿಂದ ಅಳೆಯುತ್ತಾರೆ. ಕಂಬದಿಂದ ಕಂಬಕ್ಕೆ ಇರುವ ಜಾಗ ಒಂದು ಅಂಕಣ. "ಅವರದು ಹನ್ನೆರಡು ಅಂಕಣದ ಮನಿ" ಅಂದರೆ ಸಾಕು, ಎಷ್ಟು ಮಂದಿ, ಎಷ್ಟು ದನ, ಎಷ್ಟು ಚೀಲ ಜೋಳ ಹಿಡಿಸುತ್ತವೆ ಎಂಬ ಅಂದಾಜು ಕೇಳಿದವರಿಗೆ ಸಿಕ್ಕಿಬಿಡುತ್ತದೆ. ಅಳತೆಯೇ ಕಂಬದಿಂದ ಶುರುವಾಗುವ ನಾಡಿನಲ್ಲಿ ಕಟ್ಟಿಗೆಯ ಮಾತಿಲ್ಲದೆ ಮನೆಯ ಮಾತು ಮುಗಿಯುವುದಾದರೂ ಹೇಗೆ?

ಜಮಖಂಡಿ ಹತ್ತಿರದ ನಮ್ಮ ಹುನ್ನೂರಿನ ಓಣಿಯಲ್ಲಿ ನಿಂತು ನೋಡಿದರೆ ಹಳೆ ಮನೆ ಬರೀ ಕಲ್ಲು ಮಣ್ಣಿನದು ಅನ್ನಿಸುತ್ತದೆ. ಹೊಸ್ತಿಲು ದಾಟಿದ ಮೇಲೆ ಅದರ ಎಲುಬು ಕಾಣುವುದು. ಕಂಬದ ಬುಡಕ್ಕೆ ಒಂದು ಕಲ್ಲು, ನೆಲದ ಹಸಿ ಮೇಲೇರದಿರಲಿ ಎಂದು. ಕಂಬದ ನೆತ್ತಿಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡ ಜಂತಿ, ಅದರ ಮೇಲೆ ಹಲಗೆ, ಆಮೇಲೆ ಮೇಲ್ಮುದ್ದಿಯ ಮಣ್ಣು. ಒಂದರ ಮೂಗನ್ನು ಇನ್ನೊಂದರ ತೂತಿಗೆ ಕೂಡಿಸಿ ಗೂಟ ಹೊಡೆದ ಕೆಲಸ. ಪಡಸಾಲಿಯ ಕಂಬಕ್ಕೆ, ಕೂತವರ ತಲೆಯೆತ್ತರಕ್ಕೆ ಸರಿಯಾಗಿ, ಕರ್ರಗೆ ಹೊಳೆಯುವ ಒಂದು ಮಚ್ಚೆ ಇರುತ್ತದೆ. ಮೂರ್ನಾಲ್ಕು ತಲೆಮಾರಿನ ಎಣ್ಣೆ ಹಚ್ಚಿದ ತಲೆಗಳು ಒರಗಿದ ಗುರುತು ಅದು. ಇಂಥ ಮೆರುಗನ್ನು ಯಾವ ಪಾಲಿಶಿನವನೂ ಕೊಡಲಾರ.

ಇಂಥ ಮನೆಗಳ ಕಾಲವನ್ನು ನೋಡಿ: ನಮ್ಮ ಜಮಖಂಡಿ ಸಂಸ್ಥಾನವನ್ನು ಪಟವರ್ಧನ ಮನೆತನದ ರಾಮಚಂದ್ರರಾವ್ ಅಪ್ಪಾಸಾಹೇಬರು 1840ರಿಂದ 1897ರವರೆಗೆ ಆಳಿದರು. ಅತ್ತ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲ 1837ರಿಂದ 1901. ಹೆಚ್ಚುಕಡಿಮೆ ಒಂದೇ ಅವಧಿ. ಆ ಕಾಲದ ಮನೆಗಳೆಂದರೆ ನಮ್ಮಲ್ಲಿ ಅಪ್ಪಾಸಾಹೇಬರ ಕಾಲದ ಮನೆಗಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ಕಾಲದಲ್ಲಿ ರೆಡ್‌ವುಡ್ ಮರದಿಂದ ಕಟ್ಟಿದ ಮನೆಗಳಿಗೆ ಬಣ್ಣ ಬಳಿದು, ಇಂದಿಗೂ ಒಳಗೆ ಸಂಸಾರ ಮಾಡುತ್ತಾರೆ. ದೇಶ ದೇಶದ ಮಂದಿ ಬಂದು ನೋಡುತ್ತಾರೆ. ನಮ್ಮ ಸಾಗವಾನಿ ಕಂಬಗಳು ಆ ರೆಡ್‌ವುಡ್‌ಗಿಂತ ಯಾವ ಲೆಕ್ಕದಲ್ಲೂ ಕಡಿಮೆಯವಲ್ಲ.

ನಮ್ಮ ಮನೆಗಳಿಗೆ ವೈರಿಯಾದದ್ದು ಅದೇ ಸಾಗವಾನಿ. ನಿಂತ ಮನೆಗೆ ಬೆಲೆ ಕಟ್ಟುವವರಿಲ್ಲ, ಬಿಚ್ಚಿದ ತೊಲೆಗೆ ಘನ ಅಡಿಯ ಲೆಕ್ಕದಲ್ಲಿ ರೊಕ್ಕ ಎಣಿಸುವವರು ಬಾಗಿಲಿಗೇ ಬರುತ್ತಾರೆ. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಹಂಚಿದಂತೆ ಮನೆ ಹಂಚಲು ಬರುವುದಿಲ್ಲ, ಕಟ್ಟಿಗೆ ಹಂಚಲು ಬರುತ್ತದೆ. ಸ್ಲ್ಯಾಬ್ ಮನೆ ಬೇಕೆನ್ನುವವರನ್ನು ನಾನು ದೂರಲಾರೆ, ಸೋರುವ ಮಾಳಿಗೆಯ ಕೆಳಗೆ ಮಕ್ಕಳನ್ನು ಮಲಗಿಸಿದವರ ಕಷ್ಟ ಅವರಿಗೇ ಗೊತ್ತು. ಆದರೆ ಬಡಿಗೇರರು ಜೋಡಿಸಿದ ಆ ಲೆಕ್ಕಾಚಾರ, ಯಾವ ಕಂಬದ ಮೇಲೆ ಎಷ್ಟು ಭಾರ ಎಂಬ ತಿಳಿವಳಿಕೆ, ಅದು ಕಟ್ಟಿಗೆಯ ಜೊತೆ ಲಾರಿ ಹತ್ತುವುದಿಲ್ಲ. ಅಲ್ಲೇ ಮಣ್ಣಾಗುತ್ತದೆ.

ಕೂಡಿಸಿದ್ದನ್ನು ಬಿಚ್ಚಬಹುದು, ಬಿಚ್ಚಿದ್ದನ್ನು ಮತ್ತೆ ಕೂಡಿಸಬಹುದು. ಕಟ್ಟಿಗೆ ಮನೆಯ ದೊಡ್ಡ ಗುಣವೇ ಇದು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಬಂದಾಗ ಬಾಗಲಕೋಟೆ, ಬೀಳಗಿ ಕಡೆಯ ಮಂದಿ ಬಾಗಿಲು, ಚೌಕಟ್ಟು, ತೊಲೆಗಳನ್ನು ಹೇರಿಕೊಂಡೇ ಹೊಸ ಜಾಗಕ್ಕೆ ಹೋದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬ ಬ್ಯಾಂಕ್ ನೌಕರರು ಈ ಗುಣವನ್ನು ನಂಬಿ ಒಂದು ಊರನ್ನೇ ಕಟ್ಟಿದರು. ಎಲ್ಲೆಲ್ಲೋ ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅದೇ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಅಲ್ಲಿ ನಮ್ಮ ಮುಧೋಳ ಅರಮನೆಯ ದರ್ಬಾರ್ ಹಾಲ್ ಇದೆ! ಇಳಕಲ್ಲಿನ ನೇಕಾರರ ಮನೆಯೊಂದನ್ನು ನೋಡಬೇಕಾದರೆ ಇನ್ನೂ ದೂರ, ಚೆನ್ನೈ ಹತ್ತಿರದ ದಕ್ಷಿಣಚಿತ್ರ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಉಳಿಸಿದ ಪುಣ್ಯಾತ್ಮರಿಗೆ ಕೈ ಮುಗಿಯುತ್ತೇನೆ. ಶೆಣೈಯವರು 2017ರಲ್ಲಿ ತೀರಿಕೊಂಡರು, ಅವರ ಋಣ ನಮ್ಮ ಬಾಗಲಕೋಟೆ ಜಿಲ್ಲೆಯ ಮೇಲಿದೆ. ಆದರೂ ಮುಧೋಳದ ಹುಡುಗ ತನ್ನೂರಿನ ದರ್ಬಾರು ನೋಡಲು ಘಟ್ಟ ಇಳಿಯಬೇಕಾದದ್ದು ನನಗೆ ನೋವಿನ ಸಂಗತಿ. ಅಲ್ಲಿ ಕಂಬಕ್ಕೆ ಎಣ್ಣೆ ತಲೆ ಒರಗಿಸುವವರಾದರೂ ಯಾರು?

ಕಟ್ಟಿಗೆ ಮುಪ್ಪಿನಿಂದ ಸಾಯುವುದು ಕಡಿಮೆ, ನೀರಿನಿಂದ ಸಾಯುವುದೇ ಹೆಚ್ಚು. ಮಾಳಿಗೆಯ ಮೇಲೆ ಹುಲ್ಲು ಬೆಳೆದು ಬೇರು ಇಳಿಯುತ್ತದೆ, ಮಳೆನೀರು ಹೊರಬೀಳುವ ದ್ವಾಣಿಯಲ್ಲಿ ಕಸ ತುಂಬಿ ನೀರು ನಿಲ್ಲುತ್ತದೆ, ಗೋಡೆಯೊಳಗೆ ಹುದುಗಿದ ಜಂತಿಯ ತುದಿ ಮೊದಲು ಮೆತ್ತಗಾಗುತ್ತದೆ, ಆ ಹಸಿಯನ್ನು ಹುಡುಕಿಕೊಂಡು ಗೆದ್ದಲು ಬರುತ್ತದೆ. ಜಂತಿಯೊಂದು ಕೆಟ್ಟರೆ ಅದನ್ನಷ್ಟೇ ತೆಗೆದು ಬೇರೆ ಹಾಕಬಹುದು. ಹಿಂದೆ ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಯ ಹುಲ್ಲು ಕಿತ್ತು, ಸವಳು ಮಣ್ಣು ಹರಡಿ ತುಳಿಯುತ್ತಿದ್ದರು. ಮನೆ ಮಂದಿಯೆಲ್ಲ ಸೇರಿ ಮಾಡುವ ಕೆಲಸ ಅದು. ಈಗ ಮಣ್ಣು ತುಳಿಯುವ ಕಾಲುಗಳು ಪುಣೆ, ಬೆಂಗಳೂರು ಸೇರಿವೆ.

ನಮ್ಮ ಓಣಿಯ ಹಿರಿಯರೊಬ್ಬರು ಮೊನ್ನೆ ಕೇಳಿದರು: "ಏನ್ ಮಾಡೂಣ್ರೀ ಸರ, ಕಟ್ಟಿಗಿ ಕೇಳಾಕ ಮತ್ತ ಬಂದಾರ." ನಾನು ಅಂದೆ: "ಕಾಕಾ, ಮೊದಲ ದ್ವಾಣಿ ಸ್ವಚ್ಛ ಮಾಡಸ್ರಿ, ಬಡಿಗ್ಯಾರನ್ನ ಕರಸಿ ಜಂತಿ ತುದಿ ತೋರಸ್ರಿ. ಮಣ್ಣ ತುಳ್ಯಾಕ ನಾನೂ ಬರ್ತೀನಿ. ಮಾರೂ ಮಾತು ದೀಪಾವಳಿ ಆದ ಮ್ಯಾಲೆ."