ಬಾಗಿಲಿಗೆ ಬ್ರೇಕ್ ಬಂದ ಕಾಲ

ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕ ಬರೆಯಲು ನಾನು ಸೇರಿದ್ದು ತೊಂಬತ್ತರ ದಶಕದಲ್ಲಿ. ಸುತ್ತ ಸಾಮಿಲ್‌ಗಳ ಸದ್ದು, ತೇಗ, ಹೊನ್ನೆ, ಮತ್ತಿಗಳ ಹೊಟ್ಟಿನ ವಾಸನೆ. ನಮ್ಮಲ್ಲಿ ಹೆಚ್ಚು ಖರ್ಚಾಗುತ್ತಿದ್ದದ್ದು ಬಿಜಾಗ್ರಿ, ಟವರ್ ಬೋಲ್ಟು, ಹಿಡಿ, ಸ್ಕ್ರೂ. ಸ್ಲೈಡಿಂಗ್ ಎಂದರೆ ಆಗ ಶೋಕೇಸಿನ ಗಾಜು. ಅದಕ್ಕೆ ಅಡಿ ಲೆಕ್ಕದಲ್ಲಿ ‘ಇ’ ಚಾನೆಲ್ ಕತ್ತರಿಸಿ ಕೊಡುತ್ತಿದ್ದೆವು. ಗಾಜು ಬಿಗಿಯಾದರೆ ಮೇಣದ ಬತ್ತಿ ಉಜ್ಜುತ್ತಿದ್ದರು. ಎಣ್ಣೆ ಬಿಟ್ಟವರ ಚಾನೆಲ್ಲಿನಲ್ಲಿ ತಿಂಗಳೊಪ್ಪತ್ತಿನಲ್ಲಿ ಧೂಳು ಮೆತ್ತಿ ಗಾಜು ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

ಬಟ್ಟೆ ಬೀರುವಿಗೆ ಸ್ಲೈಡಿಂಗ್ ಬಾಗಿಲು ಬಂದದ್ದು ಜಾಗ ಸಾಲದ್ದರಿಂದ. ಹತ್ತಡಿ, ಹನ್ನೊಂದಡಿಯ ಫ್ಲ್ಯಾಟಿನ ಕೋಣೆಯಲ್ಲಿ ಮಂಚ ಹಾಕಿದ ಮೇಲೆ ಉಳಿಯುವ ಓಣಿಯಲ್ಲಿ ಬೀರುವಿನ ಕದ ಪೂರ್ತಿ ತೆರೆಯಲು ಎಡೆಯೇ ಇರುವುದಿಲ್ಲ. ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆ ಕಟ್ಟಡಗಳು ಎದ್ದಂತೆಲ್ಲ ಅಲ್ಯೂಮಿನಿಯಂ ಟ್ರ್ಯಾಕು, ಬೇರಿಂಗ್ ಚಕ್ರಗಳ ಪೆಟ್ಟಿಗೆಗಳು ನಮ್ಮ ಅಂಗಡಿಯಲ್ಲಿ ಸೂರು ಮುಟ್ಟಿದವು.

ಈ ಬಾಗಿಲುಗಳ ತೂಕವನ್ನು ಮನೆಯವರು ಊಹಿಸಿರುವುದಿಲ್ಲ. ಏಳಡಿ ಎತ್ತರ, ಮೂರಡಿ ಅಗಲದ 18 ಮಿ.ಮೀ. ಪ್ಲೈವುಡ್ ಬಾಗಿಲಿಗೆ ಎರಡೂ ಮೈ ಸನ್‌ಮೈಕಾ ಅಂಟಿಸಿದರೆ 25ರಿಂದ 30 ಕಿಲೋ. ಅದರ ಮೇಲೆ 4 ಮಿ.ಮೀ. ಕನ್ನಡಿ ಕೂರಿಸಿದರೆ ಚದರ ಮೀಟರಿಗೆ 10 ಕಿಲೋ ಲೆಕ್ಕದಲ್ಲಿ ಇನ್ನೂ ಹತ್ತಿರ ಹತ್ತಿರ 20 ಕಿಲೋ. ಬೇರಿಂಗ್ ಚಕ್ರದ ಮೇಲೆ ಇಷ್ಟು ಭಾರ ಒಮ್ಮೆ ಓಡತೊಡಗಿದರೆ ಚೌಕಟ್ಟಿಗೆ ಬಡಿದೇ ನಿಲ್ಲಬೇಕು. ಆಚಾರ್ರು ಇದಕ್ಕೆ ಮಾಡುತ್ತಿದ್ದ ಉಪಾಯ ಸರಳ: ಸೈಕಲ್ ಟ್ಯೂಬಿನ ತುಂಡನ್ನು ಚೌಕಟ್ಟಿಗೆ ಹೊಡೆಯುವುದು, ಇಲ್ಲವೇ ಫೆಲ್ಟಿನ ಪಟ್ಟಿ ಅಂಟಿಸುವುದು. ರಬ್ಬರು ಬಡಿದ ಬಾಗಿಲನ್ನು ಹಿಂದಕ್ಕೆ ತಳ್ಳುತ್ತಿತ್ತು. ಎರಡು ಬೆರಳಷ್ಟು ಸಂದು ಉಳಿಯುತ್ತಿತ್ತು.

ಬಾಗಿಲು ಬಡಿಯುವುದು ಒಂದು ದೂರು ಎಂದು ಆಗಿನ್ನೂ ಯಾರಿಗೂ ಅನಿಸಿರಲಿಲ್ಲ. ಅನಿಸುವಂತೆ ಮಾಡಿದ್ದು ಅಡುಗೆಮನೆ. ಆಸ್ಟ್ರಿಯಾದ ಬ್ಲಮ್ ಕಂಪನಿ 2001ರಲ್ಲಿ ಬ್ಲಮೋಷನ್ ಎಂಬ ಹೆಸರಿನಲ್ಲಿ, ಮುಚ್ಚುವ ಕೊನೆಯ ಗಳಿಗೆಯಲ್ಲಿ ವೇಗ ತಗ್ಗಿಸುವ ಸಾಧನವನ್ನು ಪೀಠೋಪಕರಣಗಳಿಗೆ ತಂದಿತು. ಕೆಲವು ವರ್ಷಗಳಲ್ಲಿ ಬೇರೆ ಕಂಪನಿಗಳದೂ ಬಂದು, ನಮ್ಮ ಕೌಂಟರಿನಲ್ಲಿ ‘ಹೈಡ್ರಾಲಿಕ್ ಹಿಂಜ್’, ‘ಸಾಫ್ಟ್ ಕ್ಲೋಸ್ ಚಾನೆಲ್’ ಎಂಬ ಮಾತುಗಳು ದಿನಬಳಕೆಯಾದವು. ಮಾಡ್ಯುಲರ್ ಅಡುಗೆಮನೆ ಮಾಡಿಸಿಕೊಂಡವರ ಡ್ರಾಯರ್‌ಗಳು ಎಷ್ಟು ಜೋರಾಗಿ ದೂಡಿದರೂ ಮೆಲ್ಲನೆ ಹೋಗಿ ಕೂರತೊಡಗಿದವು. ಹತ್ತು ವರ್ಷ ಕಿವಿಗೆ ಬೀಳದಿದ್ದ ಬೀರುವಿನ ಸದ್ದು ಅದೇ ಮನೆಯಲ್ಲಿ ಒಮ್ಮೆಲೇ ದೊಡ್ಡದಾಯಿತು.

ಹಾಗೆ ಅಂಗಡಿಗೆ ಹೊಸ ಬಗೆಯ ಗಿರಾಕಿಗಳು ಬರತೊಡಗಿದರು. ಅವರಿಗೆ ಹೊಸ ಬೀರು ಬೇಡ; ಇರುವ ಬಾಗಿಲನ್ನೇ ಮೆತ್ತಗೆ ಮುಚ್ಚುವಂತೆ ಮಾಡಿಕೊಡಬೇಕು. “ಮಗು ಮಲಗಿದ್ರೆ ಬೀರು ತೆಗಿಯೋಕೇ ಭಯ ಸಾರ್, ಅಡುಗೆಮನೆ ಡ್ರಾಯರ್ ಹಾಗೆ ಇದಕ್ಕೂ ಏನಾದ್ರೂ ಹಾಕ್ಕೊಡಿ” ಎಂದ ತಾಯಿಗೆ, ಪಕ್ಕದಲ್ಲಿ ಸ್ಕ್ರೂ ಎಣಿಸುತ್ತಿದ್ದ ಹಿರಿಯ ಆಚಾರ್ರೊಬ್ಬರು ಉತ್ತರ ಕೊಟ್ಟರು: “ಅಮ್ಮಾ, ಇದು ಬಾಗಿಲಿಗೆ ಹಾಕೋ ಬ್ರೇಕು. ಗಾಡಿ ಸರಿ ಇಲ್ದೆ ಬ್ರೇಕ್ ಒಂದು ಹೊಸದು ಹಾಕಿದ್ರೆ ಏನು ಬಂತು?” ಆ ಮೇಲಿನ ವರ್ಷಗಳಲ್ಲಿ ನಾನು ಕಂಡದ್ದೆಲ್ಲ ಅವರ ಮಾತಿಗೆ ಪುರಾವೆಯಾಗಿಯೇ ಒದಗಿತು.

ಈ ಬ್ರೇಕಿಗೆ ನಾವು ಡ್ಯಾಂಪರ್ ಎನ್ನುತ್ತೇವೆ. ಅದರ ಒಳಗೆ ಇರುವುದು ಇಷ್ಟೇ: ಒಂದು ಸ್ಪ್ರಿಂಗು, ಎಣ್ಣೆ ತುಂಬಿದ ಸಣ್ಣ ಕೊಳವೆ, ಅದರಲ್ಲಿ ಓಡಾಡುವ ಪಿಸ್ಟನ್, ಹೊರಗೊಂದು ಕೊಕ್ಕೆ. ಟ್ರ್ಯಾಕಿನಲ್ಲಿ ಕೂರಿಸಿದ ಪಿನ್ನನ್ನು ಬಾಗಿಲು ಮುಚ್ಚಲು ಎರಡು ಮೂರು ಇಂಚು ಇರುವಾಗ ಕೊಕ್ಕೆ ಹಿಡಿಯುತ್ತದೆ. ಅಲ್ಲಿಂದ ಬಾಗಿಲನ್ನು ಎಳೆದು ಮುಚ್ಚುವುದು ಸ್ಪ್ರಿಂಗಿನ ಕೆಲಸ, ಅವಸರಪಡದಂತೆ ತಡೆಯುವುದು ಎಣ್ಣೆಯ ಕೆಲಸ. ಪಿಸ್ಟನ್ನಿನ ಕಿರಿದಾದ ದಾರಿಯಲ್ಲಿ ಎಣ್ಣೆ ನುಸುಳಿ ಹೋಗಬೇಕಾದ್ದರಿಂದ ಬಾಗಿಲಿನ ರಭಸ ಅಲ್ಲಿ ಕರಗುತ್ತದೆ. ಮತ್ತೆ ತೆರೆಯುವಾಗ ಆ ಸ್ಪ್ರಿಂಗನ್ನು ನಮ್ಮ ಕೈಯೇ ಎಳೆದು ಸಜ್ಜು ಮಾಡಬೇಕು. ಅದಕ್ಕೇ ಮೊದಲ ಎರಡು ಇಂಚು ಬಾಗಿಲು ಬಿಗಿ ಎನಿಸುತ್ತದೆ. ಮಂಡಿ, ಮಣಿಕಟ್ಟು ನೋವಿನ ವಯಸ್ಸಾದವರಿರುವ ಮನೆಗಳಿಂದ “ಇದನ್ನು ಬಿಚ್ಚಿಕೊಂಡು ಹೋಗಿ” ಎಂಬ ಫೋನು ಬಂದದ್ದೂ ಇದೆ.

ಹೊಸ ಬೀರುವಿಗೆ ಇದನ್ನು ಹಾಕುವುದು ಸುಲಭ, ಟ್ರ್ಯಾಕು, ಚಕ್ರ, ಡ್ಯಾಂಪರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಹಳೆಯದಕ್ಕೆ ಹಾಕಹೊರಟಾಗ ಕಷ್ಟ ಗೊತ್ತಾಗುತ್ತಿತ್ತು. ಟ್ರ್ಯಾಕಿನ ಒಳಅಗಲ ಡ್ಯಾಂಪರ್ ಹಿಡಿಯುವಷ್ಟು ಇರಬೇಕು. ಬಾಗಿಲಿನ ನೆತ್ತಿಗೂ ಟ್ರ್ಯಾಕಿಗೂ ನಡುವೆ ಎಡೆ ಬೇಕು. ಹಳೆಯ ಸ್ಟಾಪರ್ ಕಿತ್ತು ಜಾಗ ಬದಲಿಸಬೇಕು, ಇಲ್ಲವಾದರೆ ಕೊಕ್ಕೆ ತನ್ನ ಓಟ ಮುಗಿಸುವ ಮೊದಲೇ ಬಾಗಿಲು ನಿಂತುಬಿಡುತ್ತದೆ. ನಮ್ಮ ಆಚಾರ್ರು ಅಳೆಯುತ್ತಿದ್ದದ್ದು ನೂಲಿನಲ್ಲಿ, ಅಂದರೆ ಇಂಚಿನ ಎಂಟನೇ ಒಂದು ಪಾಲು, 3 ಮಿ.ಮೀ.ಗೆ ತುಸು ಹೆಚ್ಚು. ಮರದ ಕೆಲಸಕ್ಕೆ ಆ ಅಳತೆ ಧಾರಾಳ ಸಾಕಿತ್ತು. ಪಿನ್ನು ಒಂದು ನೂಲು ಆಚೀಚೆಯಾದರೆ ಮಾತ್ರ ಕೊಕ್ಕೆ ಹಿಡಿಯುತ್ತಲೇ ಇರಲಿಲ್ಲ. ಜೇಬಿನಲ್ಲಿ ಮಿಲಿಮೀಟರ್ ಪಟ್ಟಿ ಇಟ್ಟುಕೊಳ್ಳಲು ಒಪ್ಪಿದವರು ಈ ಕೆಲಸದಲ್ಲಿ ಉಳಿದರು.

ಅಳತೆಗಿಂತ ದೊಡ್ಡ ತೊಡಕು ಬಾಗಿಲಿನದೇ. ನಮ್ಮ ಕಡೆಯ ಬೀರುಗಳಲ್ಲಿ ಹೆಚ್ಚಿನವುಗಳ ಭಾರ ಕೆಳಗಿನ ಚಕ್ರದ ಮೇಲಿರುತ್ತದೆ, ಮೇಲಿನ ಟ್ರ್ಯಾಕು ಬಾಗಿಲು ವಾಲದಂತೆ ಹಿಡಿದಿರುತ್ತದೆ ಅಷ್ಟೆ. ಡ್ಯಾಂಪರ್ ಕೂರುವುದು ಮೇಲೆ. ಕೆಳಗೆ ಚಕ್ರ ಸವೆದು ಬಾಗಿಲು ಒಂದು ಮಗ್ಗುಲಿಗೆ ಕುಸಿದಿದ್ದರೆ ಮೇಲೆ ಕೊಕ್ಕೆ ಪಿನ್ನಿಗೆ ಸಿಗುವುದಿಲ್ಲ. ಟ್ರ್ಯಾಕಿನಲ್ಲಿ ಕೂದಲು, ದಾರ, ಧೂಳು ಸೇರಿ ಗಟ್ಟಿಯಾಗಿದ್ದರೆ ಸ್ಪ್ರಿಂಗಿಗೆ ಎಳೆಯುವ ತ್ರಾಣ ಸಾಲದೆ ಬಾಗಿಲು ಒಂದಿಂಚು ಮೊದಲೇ ನಿಲ್ಲುತ್ತದೆ. ಡ್ಯಾಂಪರ್ ಮೇಲೆ ಬರೆದಿರುವ ಕಿಲೋ ಲೆಕ್ಕ ನೋಡದೆ ಕನ್ನಡಿ ಬಾಗಿಲಿಗೆ ಹಗುರದ್ದನ್ನು ಹಾಕಿದರೆ ಎಣ್ಣೆ ಸೋರಿ, ಬಾಗಿಲು ಮೊದಲಿನಂತೆಯೇ ಬಡಿಯುತ್ತದೆ. ಮೂರು ಬಾಗಿಲಿದ್ದರೆ ಬದಿಯವೆರಡಕ್ಕೆ ಒಂದೊಂದು ಸಾಕು. ಎರಡೂ ಕಡೆ ಓಡುವ ನಡುವಿನದಕ್ಕೆ ಎರಡೂ ತುದಿಗೆ ಬೇಕು.

ಹೀಗಾಗಿ ಡ್ಯಾಂಪರ್ ಹಾಕಲು ಹೋದವರು ಮೊದಲು ಬಾಗಿಲು ಕಳಚಿ, ಚಕ್ರ ಬದಲಿಸಿ, ತಗ್ಗಿದ ಮಗ್ಗುಲನ್ನು ಎತ್ತಿ, ಮಟ್ಟ ನೋಡಿ, ಟ್ರ್ಯಾಕು ತೊಳೆದು ಬರುತ್ತಿದ್ದರು. ದುರಸ್ತಿ ಅರ್ಧ ದಿನ ಹಿಡಿದರೆ ಡ್ಯಾಂಪರ್ ಕೂರಿಸುವುದು ಅರ್ಧ ಗಂಟೆ. ಅಷ್ಟರಲ್ಲಿ ನಮ್ಮ ವ್ಯಾಪಾರದ ಜನವೂ ಬದಲಾಗಿದ್ದರು. ಊರಿನ ಆಚಾರ್ರ ಮಕ್ಕಳು ಬೇರೆ ಉದ್ಯೋಗ ಹಿಡಿದರು. ರಾಜಸ್ಥಾನ, ಉತ್ತರ ಪ್ರದೇಶಗಳ ಬಡಗಿಗಳು ತಂಡಗಳಲ್ಲಿ ಬಂದು ಇಡೀ ಮನೆಯ ಕೆಲಸ ಹಿಡಿದರು. ಕಾರ್ಖಾನೆಯಲ್ಲೇ ಕತ್ತರಿಸಿ ತಂದು ಜೋಡಿಸುವವರು ಬಂದರು. ಇವರಲ್ಲಿ ಒಂದು ಬಾಗಿಲಿನ ಕೆಲಸಕ್ಕೆ ಬರಲು ಯಾರಿಗೂ ಪುರುಸೊತ್ತಿಲ್ಲ. ಬರುವವರು ಹಿಂದೆ ಉಜ್ಜುಗೊರಡು ಹಿಡಿದು ಪಳಗಿದ ಕೆಲವು ಹಿರಿಯರು, ಅವರ ಹಿಂದೆ ಚೀಲ ಹೊತ್ತು ಕಲಿತ ಹುಡುಗರು. ಅವರಿಗೆ ಗೋಡೆ ಎಷ್ಟು ವಾಲಿದೆ, ಪ್ಲೈವುಡ್ ಎಲ್ಲಿ ಬಾಗಿದೆ ಎಂಬುದು ನೋಡಿದೊಡನೆ ತಿಳಿಯುತ್ತದೆ. ಡ್ಯಾಂಪರಿನ ಬೆಲೆಗಿಂತ ಅವರ ಕೂಲಿ ಹೆಚ್ಚು, ಅದು ನ್ಯಾಯವೂ ಹೌದು. ಪೆಟ್ಟಿಗೆಯಲ್ಲಿ ಬಂದ ಸಾಮಾನು ಆಚಾರ್ರ ಕೆಲಸ ಕಿತ್ತುಕೊಂಡಿತು ಎಂದು ಗೊಣಗುತ್ತಿದ್ದ ನಾನು, ಹಳೆಯ ಬಾಗಿಲುಗಳಿಗೆ ಅದೇ ಪೆಟ್ಟಿಗೆ ಮತ್ತೆ ಆಚಾರ್ರನ್ನೇ ಕರೆಸಿದ್ದನ್ನೂ ನೋಡಿದೆ.

ಈಗಲೂ ಯಾರಾದರೂ ಡ್ಯಾಂಪರ್ ಕೇಳಿದರೆ ಬಿಲ್ಲು ಬರೆಯುವ ಮೊದಲು ಒಂದು ಮಾತು ಹೇಳುತ್ತೇನೆ. ಮನೆಗೆ ಹೋಗಿ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿ ನೋಡಿ. ಎಲ್ಲೂ ತಡವರಿಸದೆ ಈ ತುದಿಯಿಂದ ಆ ತುದಿಗೆ ಓಡಿದರೆ ಅಳತೆ ತನ್ನಿ, ಕೊಡುತ್ತೇನೆ. ಓಡದಿದ್ದರೆ ಆ ದುಡ್ಡಿಗೆ ಮೊದಲು ಚಕ್ರ ಬದಲಿಸಿ. ನಮ್ಮ ಯಜಮಾನರಿಗೆ ಈ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ಹಾಗೆ ಹೇಳಿ ಕಳಿಸಿದವರಲ್ಲಿ ವಾಪಸು ಬಂದವರೂ ಉಂಟು, ಬಾರದವರೂ ಉಂಟು. ಬಾರದವರ ಬಾಗಿಲು ಅಷ್ಟಕ್ಕೇ ಸರಿಹೋಯಿತೆಂದು ನನ್ನ ಲೆಕ್ಕ.